ಡಬ್ಬಿ 45, ಲೇಬಲ್ 44: ಶೆಲ್ ಸ್ಕ್ರಿಪ್ಟಿನ ಭಾಗಾಕಾರವನ್ನು ನಂಬಬೇಡಿ

ಕಾರ್ಕಳದ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ತಿರುಳು ತುಂಬುವ ಡಬ್ಬಿಗಳಿಗೆ ಲೇಬಲ್ ಮುದ್ರಿಸುವುದು ಒಂದು ಚಿಕ್ಕ ಬ್ಯಾಶ್ ಸ್ಕ್ರಿಪ್ಟ್, ಅಂದರೆ ಲಿನಕ್ಸ್‌ನ ಬ್ಯಾಶ್ ಎಂಬ ಶೆಲ್ ಸಾಲುಸಾಲಾಗಿ ಓದಿ ನಡೆಸುವ ಆದೇಶಗಳ ಫೈಲು. ಡಬ್ಬಿಯ ಅಳತೆ ಹಳೇ ರಫ್ತು ಲೆಕ್ಕದ್ದೇ: 25 ಪೌಂಡ್, ಅಂದರೆ 11.34 ಕಿಲೋ. 500 ಕಿಲೋ ಲಾಟಿಗೆ ಸ್ಕ್ರಿಪ್ಟ್ ಕೊಟ್ಟ ಉತ್ತರ 44. ಬೇಕಾದದ್ದು 45. ಕೊನೆಯ 1.04 ಕಿಲೋ ತಿರುಳು ಲೇಬಲ್ ಇಲ್ಲದೆ ಮೇಜಿನ ಮೇಲೆ ಉಳಿಯಿತು. ದೋಷದ ಸಂದೇಶ ಎಲ್ಲಿಯೂ ಇಲ್ಲ.

ಕಾರಣ ಸರಳ. ಬ್ಯಾಶ್‌ಗೆ ಗೊತ್ತಿರುವುದು ಪೂರ್ಣಾಂಕ ಮಾತ್ರ. ಭಾಗಿಸಿದಾಗ ದಶಮಾಂಶ ಬಂದರೆ ಅದನ್ನು ಕತ್ತರಿಸಿ ಎಸೆಯುತ್ತದೆ. 44.09 ಇರಲಿ, 44.99 ಇರಲಿ, ಉತ್ತರ 44.

ಇದಕ್ಕೆ ಮಾಡಿದ ರಿಪೇರಿ ಮೂಲ ತಪ್ಪಿಗಿಂತ ಕೆಟ್ಟದ್ದು. ಉತ್ತರಕ್ಕೆ ಕಣ್ಣು ಮುಚ್ಚಿ 1 ಕೂಡಿಸಿಬಿಟ್ಟರು. 500 ಕಿಲೋಗೆ ಸರಿಯಾಯಿತು. ಮುಂದಿನ ಲಾಟು 567 ಕಿಲೋ, ಅಂದರೆ ಸರಿಯಾಗಿ 50 ಡಬ್ಬಿ. ಲೇಬಲ್ ಬಂದದ್ದು 51! ಇಲ್ಲದ ಡಬ್ಬಿಗೂ ಕ್ರಮಸಂಖ್ಯೆ ಸಿಕ್ಕಿ ಪ್ಯಾಕಿಂಗ್ ಪಟ್ಟಿ ಸೇರಿತು. ಉಳಿದ ತಿರುಳು ಮೇಜಿನ ಮೇಲೆ ಕಣ್ಣಿಗೆ ಬೀಳುತ್ತದೆ. ಹೆಚ್ಚಿನ ಲೇಬಲ್ ಲೋಡಿಂಗ್ ಹೊತ್ತಿಗೆ ಡಬ್ಬಿ ಎಣಿಸುವವರೆಗೂ ಕಾಣುವುದಿಲ್ಲ.

ಸರಿಯಾದ ದಾರಿ ಎರಡು ಉಂಟು. ಎರಡರಲ್ಲೂ ಕಿಲೋ ಬಿಟ್ಟು ಗ್ರಾಂಗೆ ಬನ್ನಿ. ಮೊದಲನೆಯದು, ಭಾಜಕಕ್ಕಿಂತ ಒಂದು ಕಡಿಮೆ ಸಂಖ್ಯೆಯನ್ನು ಭಾಜ್ಯಕ್ಕೆ ಕೂಡಿಸಿ ಭಾಗಿಸುವುದು ($(( )) ಒಳಗೆ ಬರೆದದ್ದನ್ನು ಬ್ಯಾಶ್ ಲೆಕ್ಕ ಮಾಡುತ್ತದೆ):

$(( (500000 + 11339) / 11340 ))

ಉತ್ತರ 45. 567000 ಹಾಕಿದರೆ 50. ಒಳಗಿನ ಆವರಣ ಚಿಹ್ನೆ ಮರೆತರೆ ಮಾತ್ರ ಕಥೆ ಮುಗಿಯಿತು ಮಾರಾಯ್ರೆ: 11339 ಭಾಗಿಸು 11340 ಸೊನ್ನೆಯಾಗಿ 500000 ಹಾಗೇ ಉಳಿಯುತ್ತದೆ, ಮುದ್ರಣ ಯಂತ್ರಕ್ಕೆ ಐದು ಲಕ್ಷ ಲೇಬಲಿನ ಆದೇಶ ಹೋಗುತ್ತದೆ.

ಎರಡನೆಯದು, ಶೇಷ ಉಳಿದರೆ ಮಾತ್ರ ಒಂದು ಕೂಡಿಸುವುದು (% ಕೊಡುವುದು ಶೇಷ; ಅದು ಸೊನ್ನೆಗಿಂತ ಹೆಚ್ಚಿದ್ದರೆ ಆವರಣದ ಬೆಲೆ 1, ಇಲ್ಲವಾದರೆ 0):

$(( 500000 / 11340 + (500000 % 11340 > 0) ))

ಬರೆಯಲು ಉದ್ದ, ಆದರೆ ಆಯ್ಕೆ ಇದೇ ಇರಲಿ. ವಾಪಸು ಬಂದ ಮಾಲು ಕಳೆದು ಲೆಕ್ಕ ಋಣಕ್ಕೆ ಇಳಿದರೆ ಮೊದಲ ಸೂತ್ರ ಕೈಕೊಡುತ್ತದೆ: -22680ಕ್ಕೆ -2 ಬರಬೇಕು, ಅದು -1 ಎನ್ನುತ್ತದೆ. ಶೇಷದ ಸೂತ್ರ -2 ಎಂದೇ ಹೇಳುತ್ತದೆ.

11.34 ಅನ್ನೇ ನೇರ ಬರೆದರೆ ಬ್ಯಾಶ್ ದೋಷ ತೋರಿಸಿ ನಿರಾಕರಿಸುತ್ತದೆ. ಅದು ಒಳ್ಳೆಯದೇ. ತಕ್ಷಣ ಬೇರೆ ಸಾಧನಕ್ಕೆ ಓಡುವುದರಲ್ಲಿ ಅಪಾಯ ಉಂಟು. ಬಿ.ಸಿ. ಎಂಬ ಲೆಕ್ಕದ ಆದೇಶಕ್ಕೆ ಸ್ಕೇಲ್, ಅಂದರೆ ಎಷ್ಟು ದಶಮಾಂಶ ಸ್ಥಾನ ಬೇಕೆಂದು, ಹೇಳದಿದ್ದರೆ 44. ಸ್ಕೇಲ್ ಹೇಳಿ ಬಂದ 44.09 ಅನ್ನು ಪ್ರಿಂಟ್‌ಎಫ್ ಎಂಬ ಮುದ್ರಿಸುವ ಆದೇಶದಲ್ಲಿ ದಶಮಾಂಶವಿಲ್ಲದೆ ಮುದ್ರಿಸಿದರೂ 44, ಏಕೆಂದರೆ ಅದು ಹತ್ತಿರದ ಸಂಖ್ಯೆಗೆ ಹೋಗುತ್ತದೆಯೇ ಹೊರತು ಮೇಲಕ್ಕಲ್ಲ. ಸರಿ ಅರ್ಧ ಬಂದರೆ ಸಮಸಂಖ್ಯೆಯ ಕಡೆ ವಾಲುತ್ತದೆ: 2.5 ಆಗುವುದು 2, 3.5 ಆಗುವುದು 4. ಆಕ್ ಎಂಬ ಇನ್ನೊಂದು ಸಾಧನದಲ್ಲಿ ಪೂರ್ಣಾಂಕ ಮಾಡಿಕೊಡುವ ಇಂಟ್ ಕೂಡ ಕತ್ತರಿಸುವ ಜಾತಿಯದ್ದೇ. ಆಕ್‌ನಲ್ಲಿ ದಶಮಾಂಶ ಇಟ್ಟುಕೊಂಡೇ ಮೇಲಕ್ಕೇರಿಸಿದರೆ ಇನ್ನೊಂದು ಹೊಂಡ: 0.1 ಮತ್ತು 0.2 ಕಿಲೋ ಕೂಡಿಸಿ 0.1ರಿಂದ ಭಾಗಿಸಿದಾಗ ಒಳಗೆ ಬರುವುದು 3 ಅಲ್ಲ, 3.0000000000000004. ಮೇಲಕ್ಕೇರಿಸಿದರೆ 4 ಪೊಟ್ಟಣ.

ಹಾಗಾದರೆ ಗ್ರಾಂಗೆ ಬರುವುದು ಹೇಗೆ? ತೂಕದ ಯಂತ್ರ 500.250 ಎಂದು ಕೊಟ್ಟರೆ ಚುಕ್ಕೆ ತೆಗೆದರಾಯಿತು. 500.5 ಎಂದು ಕೊಟ್ಟರೆ? ಚುಕ್ಕೆ ತೆಗೆದರೆ 5005, ಐದು ಕಿಲೋ! ಆದ್ದರಿಂದ ಮೊದಲು ಪ್ರಿಂಟ್‌ಎಫ್‌ನಿಂದ ಮೂರು ದಶಮಾಂಶ ಸ್ಥಾನ ಕಡ್ಡಾಯ ಮಾಡಿ, ನಂತರ ಚುಕ್ಕೆ ತೆಗೆಯಿರಿ.

ಅಲ್ಲಿಗೂ ಮುಗಿಯಲಿಲ್ಲ. 0.850 ಎಂಬುದು 0850 ಆಗುತ್ತದೆ. ಮುಂದೆ ಸೊನ್ನೆ ಇದ್ದರೆ ಬ್ಯಾಶ್ ಅದನ್ನು ಎಂಟರ ಮೂಲದ ಸಂಖ್ಯೆ ಎಂದು ಓದುತ್ತದೆ. ಆ ಪದ್ಧತಿಯಲ್ಲಿ 8 ಎಂಬ ಅಂಕಿಯೇ ಇಲ್ಲ, ಹಾಗಾಗಿ 'ವ್ಯಾಲ್ಯೂ ಟೂ ಗ್ರೇಟ್ ಫಾರ್ ಬೇಸ್' ಎಂದು ನಿಲ್ಲುತ್ತದೆ. ನಿಂತರೆ ಪುಣ್ಯ. 0750 ಮಾತ್ರ ಸದ್ದಿಲ್ಲದೆ 488 ಆಗಿ ಒಳಗೆ ಹೋಗುತ್ತದೆ. ಮದ್ದು ಸಂಖ್ಯೆಯ ಮುಂದೆ 10# ಹಾಕುವುದು: $(( 10#0750 )) ಎಂದರೆ 750.

ಇದು ಬ್ಯಾಶ್‌ನ ಸೌಲಭ್ಯ. ಉಬುಂಟು ಎಂಬ ಲಿನಕ್ಸ್‌ನಲ್ಲಿ ಎಸ್‌ಎಚ್ ಆದೇಶ ಎಂದರೆ ಡ್ಯಾಶ್ ಎಂಬ ಬೇರೆ ಶೆಲ್, ಅಲ್ಲಿ 10# ನಡೆಯುವುದಿಲ್ಲ. ಫೈಲಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದು ಬರೆದಿದ್ದರೂ ಎಸ್‌ಎಚ್ ಹಾಕಿ ಓಡಿಸಿದರೆ ಆ ಸಾಲಿಗೆ ಬೆಲೆ ಇಲ್ಲ.

ಇನ್ನು ಲೆಕ್ಕದ ಒಳಗೆ ಡಾಲರ್ ಚಿಹ್ನೆ ಇಲ್ಲದೆ ಬರೆದ ವೇರಿಯಬಲ್ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅದರ ಬೆಲೆ ಸೊನ್ನೆ. ಭಾಜ್ಯ ಸೊನ್ನೆಯಾದರೆ ಸೊನ್ನೆ ಲೇಬಲ್, ದೂರು ಇಲ್ಲ.

ಲೇಬಲ್ ಯಂತ್ರಕ್ಕೆ ಜೋಡಿಸುವ ಮೊದಲು ಗ್ರಾಂನಲ್ಲಿ 0, 1, 11339, 11340, 11341, 567000 ಹಾಕಿ ನೋಡಿ. ಬರಬೇಕಾದದ್ದು 0, 1, 1, 1, 2, 50.