ಮಳೆಗಾಲದ ಶೀತಕ್ಕೆ ಉಪ್ಪುನೀರಿನ ಹನಿ: ಬಳಸಿ ನೋಡಿದ ಅಜ್ಜಿಯ ಅಭಿಪ್ರಾಯ

ಮಕ್ಕಳ ಶೀತಕ್ಕೆಂದು ಔಷಧಿ ಅಂಗಡಿಯಲ್ಲಿ ಮಾರುವ ಸಾಮಾನುಗಳಲ್ಲಿ ನಾನು ಧೈರ್ಯವಾಗಿ ಕೊಳ್ಳಿರಿ ಎನ್ನುವುದು ಒಂದನ್ನೇ: ಸಲೈನ್ ಮೂಗಿನ ಹನಿ. ಬೆರಳುದ್ದದ ಪ್ಲಾಸ್ಟಿಕ್ ಸೀಸೆ, ನೂರು ರೂಪಾಯಿಯೊಳಗಿನ ಬೆಲೆ. ಒಳಗಿರುವುದು ಶುದ್ಧಗೊಳಿಸಿದ ನೀರು ಮತ್ತು ಶೇ 0.65ರಷ್ಟು ಉಪ್ಪು. ಇದು ನೆಗಡಿಯನ್ನು ವಾಸಿ ಮಾಡುವುದಿಲ್ಲ, ಮೂಗನ್ನು ಬಿಡಿಸುತ್ತದೆ. ಹಸುಗೂಸಿರುವ ಮನೆಯಲ್ಲಿ ಅದರಷ್ಟು ದೊಡ್ಡ ಉಪಕಾರ ಇನ್ನೊಂದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಆರಿದ್ರಾ ಮಳೆ ಹಿಡಿಯಿತೆಂದರೆ ತೊಟ್ಟಿಲ ಬಟ್ಟೆ ಒಣಗುವುದಿಲ್ಲ, ಕಿಟಕಿ ತೆರೆಯುವಂತಿಲ್ಲ, ಎಲ್ಲರೂ ಒಂದೇ ಕೋಣೆಯ ಬೆಚ್ಚಗಿನ ಗಾಳಿಯಲ್ಲಿ ಉಸಿರಾಡಬೇಕು. ಅಂಗನವಾಡಿಯಿಂದ ಮೊಮ್ಮಗಳು ತಂದ ನೆಗಡಿ ಅವಳಿಗೆ ಹೋಗುವ ಮೊದಲೇ ಐದು ತಿಂಗಳ ತಮ್ಮನಿಗೆ ಬಂದಿತ್ತು. ಅಷ್ಟು ಸಣ್ಣ ಕೂಸು ಹೆಚ್ಚಾಗಿ ಮೂಗಿನಿಂದಲೇ ಉಸಿರಾಡುತ್ತದೆ. ಮೂಗು ಕಟ್ಟಿದರೆ ಮೊಲೆ ಹಿಡಿಯುತ್ತದೆ, ಎರಡು ಗುಟುಕು ಎಳೆಯುತ್ತದೆ, ಉಸಿರು ಸಿಗದೆ ಬಿಡುತ್ತದೆ, ಅಳುತ್ತದೆ. ಹಸಿವೆಯಿಂದ ಮತ್ತೆ ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ನನ್ನ ಸೊಸೆ ರಾತ್ರಿಯೆಲ್ಲ ಹೀಗೆ ಕುಳಿತಿದ್ದನ್ನು ಕಂಡು ನನ್ನ ಹೊಟ್ಟೆ ಉರಿಯಿತು.

ಬಳಸುವ ರೀತಿ ಸರಿಯಿರಬೇಕು, ಇಲ್ಲದಿದ್ದರೆ ಹನಿ ಕೆನ್ನೆಗೆ ಹೋಗುತ್ತದೆ. ಸೀಸೆಯನ್ನು ಮೊದಲು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಚಳಿ ಬಿಡಿಸಬೇಕು. ತಣ್ಣನೆಯ ಹನಿ ಬಿದ್ದರೆ ಮಗು ಬೆಚ್ಚಿ ತಲೆ ತಿರುಗಿಸುತ್ತದೆ. ಹೆಗಲಿನ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟರೆ ತಲೆ ತುಸು ಹಿಂದಕ್ಕೆ ಬಾಗುತ್ತದೆ. ಒಂದೊಂದು ಹೊಳ್ಳೆಗೆ ಎರಡೆರಡು ಹನಿ ಹಾಕಿ ಒಂದು ನಿಮಿಷ ಸುಮ್ಮನಿದ್ದರೆ ಗಟ್ಟಿ ಸಿಂಬಳ ನೆನೆದು ಕರಗುತ್ತದೆ. ಆಮೇಲೆ ಸೀನಿದರೆ ತಾನಾಗಿಯೇ ಹೊರಗೆ ಬರುತ್ತದೆ, ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ಒರೆಸಿದರೆ ಆಯಿತು. ಹಾಲೂಡಿಸುವ ಕಾಲು ಗಂಟೆ ಮೊದಲು ಹಾಕಬೇಕು. ಹಾಲು ಕುಡಿದ ಮೇಲೆ ಹಾಕಿದರೆ ಕುಡಿದದ್ದೆಲ್ಲ ವಾಂತಿಯಾಗುವ ಸಂಭವವಿದೆ. ನಮ್ಮ ಕೂಸು ಮೊದಲ ಸಲ ಎಡಬಿಡದೆ ಹಾಲು ಕುಡಿದು ನಿದ್ದೆ ಹೋದಾಗ ಸೊಸೆಯೂ ಗೋಡೆಗೆ ಒರಗಿ ಹಾಗೆಯೇ ಕಣ್ಣು ಮುಚ್ಚಿದಳು.

ಇದರ ಜೊತೆಗೆ ಸಿಂಬಳ ಎಳೆಯುವ ರಬ್ಬರ್ ಪಂಪನ್ನೂ ಮಾರುತ್ತಾರೆ. ಅದಕ್ಕೆ ನನ್ನ ಪೂರ್ಣ ಒಪ್ಪಿಗೆಯಿಲ್ಲ. ಹೊರಗಡೆಯೇ ಅದುಮಿಕೊಂಡು, ತುದಿಯನ್ನು ಹೊಳ್ಳೆಯ ಬಾಯಿಗೆ ಮಾತ್ರ ತಾಗಿಸಿ, ನಿಧಾನವಾಗಿ ಬಿಡಬೇಕು. ಪದೇ ಪದೇ ಎಳೆದರೆ ಒಳಗಿನ ಚರ್ಮ ಊದಿಕೊಂಡು ಮೂಗು ಇನ್ನಷ್ಟು ಕಟ್ಟುತ್ತದೆ. ಅದರ ಒಳಭಾಗವನ್ನು ತೊಳೆದು ಒಣಗಿಸುವುದೂ ನಮ್ಮ ಮಳೆಗಾಲದಲ್ಲಿ ಸುಲಭವಲ್ಲ. ಬರಿಯ ಹನಿಯೇ ಸಾಕು.

ಕೊಳ್ಳುವಾಗ ಒಂದು ಎಚ್ಚರ. ನಾನು ಸಲೈನ್ ಹನಿ ಕೇಳಿದರೆ ಅಂಗಡಿಯ ಹುಡುಗ ಬೇರೊಂದು ಸೀಸೆ ಕೊಟ್ಟ. ಕನ್ನಡಕ ಹಾಕಿಕೊಂಡು ಓದಿದರೆ ಅದರ ಮೇಲೆ ‘ಕ್ಸೈಲೋಮೆಟಾಜೋಲಿನ್’ ಎಂದಿತ್ತು. "ಎರಡೂ ಮೂಗಿಗೇ ಹಾಕುವುದಲ್ಲವೇ ಮೇಡಂ" ಎಂದ. ಎರಡೂ ಒಂದೇ ಅಲ್ಲ. ಅದು ರಕ್ತನಾಳವನ್ನು ಕುಗ್ಗಿಸುವ ಔಷಧಿ; ವೈದ್ಯರು ಹೇಳದೆ ಹಸುಗೂಸಿಗೆ ಹಾಕುವಂಥದ್ದಲ್ಲ, ದೊಡ್ಡವರೂ ಹೆಚ್ಚು ದಿನ ಹಾಕಿಕೊಂಡರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುತ್ತದೆ. ಆಕಾರ, ಬಣ್ಣ ಎಲ್ಲ ಒಂದೇ ತರಹ ಇರುವುದರಿಂದ ಸೀಸೆಯ ಮೇಲೆ ‘ಸೋಡಿಯಂ ಕ್ಲೋರೈಡ್’ ಎಂದಿದೆಯೇ, ಬೇರೆ ಯಾವ ಹೆಸರೂ ಇಲ್ಲವೇ ಎಂದು ಓದಿಯೇ ಹಣ ಕೊಡಿ.

ನೆರೆಮನೆಯ ಹಿರಿಯರು ಕೊಬ್ಬರಿ ಎಣ್ಣೆ ಬಿಡಿ ಎಂದರು. ಮಕ್ಕಳ ವೈದ್ಯರು ಅದನ್ನು ಖಡಾಖಂಡಿತವಾಗಿ ಬೇಡವೆಂದರು. ಕೂಸಿನ ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ತರಬಲ್ಲದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಹಬೆ ಕೊಡುವುದೂ ಬೇಡ, ಪಾತ್ರೆ ಮಗುಚಿದರೆ ಮೈಯೆಲ್ಲ ಸುಡುತ್ತದೆ. ದೊಡ್ಡಪತ್ರೆಯ ತಂಬುಳಿಯನ್ನು ಮೊಮ್ಮಗಳು ಇಷ್ಟಪಟ್ಟು ತಿನ್ನುತ್ತಾಳೆ, ಅದು ಅವಳ ಊಟಕ್ಕೆ. ಮಲಗುವ ಮೊದಲು ಅವಳಿಗೆ ಅರ್ಧ ಚಮಚ ಜೇನುತುಪ್ಪ ಕೊಟ್ಟರೆ ಕೆಮ್ಮು ತಗ್ಗುತ್ತದೆ. ವರ್ಷ ತುಂಬದ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬಾರದು.

ಸಿರಪ್ಪಿನ ವಿಷಯದಲ್ಲಿ ನನಗೆ ಸಿಟ್ಟೇ ಇದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದು ಮೂತ್ರಪಿಂಡ ಕೆಟ್ಟು ಮಕ್ಕಳು ಸತ್ತರು. ಆ ಅಕ್ಟೋಬರಿನಲ್ಲಿ ಕೇಂದ್ರದ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನವರಿಗೆ ಶೀತ, ಕೆಮ್ಮಿನ ಔಷಧಿ ಬರೆಯಬಾರದು, ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚನೆ ಹೊರಡಿಸಿತು. ಹೀಗಿದ್ದೂ ತಾವಾಗಿಯೇ ಸಿರಪ್ ಕೇಳಿ ಒಯ್ಯುವವರನ್ನು ಅಂಗಡಿಯಲ್ಲಿ ಈಗಲೂ ಕಾಣುತ್ತೇನೆ. ತಾಯಂದಿರೇ, ದಯವಿಟ್ಟು ಬೇಡ. ಸಾಧಾರಣ ನೆಗಡಿ ವಾರ ಹತ್ತು ದಿನದಲ್ಲಿ ತಾನಾಗಿಯೇ ಇಳಿಯುತ್ತದೆ.

ಆದರೆ ಎಲ್ಲ ನೆಗಡಿಯೂ ಸಾಧಾರಣವಲ್ಲ. ಮಗು ನಿದ್ದೆಯಲ್ಲಿರುವಾಗ ಅಂಗಿ ಎತ್ತಿ, ಹೊಟ್ಟೆ ಏರಿಳಿಯುವುದನ್ನು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದವರೆಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಉಸಿರಿದ್ದರೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಮಗು ಹಾಲನ್ನೇ ಬಿಟ್ಟರೆ ಈ ಸೀಸೆಯನ್ನು ಬದಿಗಿಟ್ಟು ಆಸ್ಪತ್ರೆಗೆ ಓಡಿ. ಫ್ಲೂ ಬಾರದಂತೆ ತಡೆಯಲು ಲಸಿಕೆ ಬೇಕು. ಆರು ತಿಂಗಳು ತುಂಬಿದವರಿಗೆ ಹಾಕಿಸಬಹುದು. ಸಣ್ಣ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಮಳೆ ಹಿಡಿಯುವ ಮೊದಲೇ ಹಾಕಿಸುವುದು ಒಳ್ಳೆಯದು. ಮೊಮ್ಮಗಳಿಗೆ ಆಗಿದೆ, ಕೂಸಿಗೆ ತಿಂಗಳು ತುಂಬುವುದನ್ನು ಕಾಯುತ್ತಿದ್ದೇವೆ.

ಸೀಸೆಯ ಬಗ್ಗೆ ನನ್ನ ದೂರು ಮುಚ್ಚಳದ್ದು. ತೀರಾ ಚಿಕ್ಕದು, ಒಂದು ಕೈಯಲ್ಲಿ ಮಗು ಹಿಡಿದಾಗ ಮಂಚದ ಕೆಳಗೆ ಉರುಳುತ್ತದೆ. ತುದಿ ಮೂಗಿಗೆ ತಾಗುವುದರಿಂದ ಒಬ್ಬರ ಸೀಸೆಯನ್ನು ಇನ್ನೊಬ್ಬರಿಗೆ ಹಾಕಬಾರದು. ನಾನು ಎರಡು ಸೀಸೆಗೂ ಹೆಸರು ಬರೆದ ಚೀಟಿ ಅಂಟಿಸಿದ್ದೇನೆ. ತೆರೆದ ಒಂದು ತಿಂಗಳಿಗೆ ಎಸೆಯಬೇಕೆಂದು ನಮ್ಮ ಸೀಸೆಯ ಮೇಲೆ ಬರೆದಿದೆ, ಹಾಗಾಗಿ ದೊಡ್ಡ ಸೀಸೆ ಅಗ್ಗವೆಂದು ಕೊಳ್ಳುವುದರಲ್ಲಿ ಲಾಭವಿಲ್ಲ. ಸಣ್ಣದನ್ನೇ ಕೊಳ್ಳಿ, ತೆರೆದ ದಿನಾಂಕವನ್ನು ಅದರ ಮೇಲೆಯೇ ಪೆನ್ನಿನಿಂದ ಬರೆದಿಡಿ.