ಜಲ್ಲಿ ಸದ್ದು ಬಂದರೆ ಬೇರಿಂಗ್ ಅಂತ ಪಂಪ್ ಬಿಚ್ಚಿಸಬೇಡಿ

ಪೀಣ್ಯದ ನಮ್ಮ ಘಟಕದಲ್ಲಿ ಬಿಡಿಭಾಗಗಳ ಎಣ್ಣೆ ಜಿಡ್ಡು ತೊಳೆಯಲು ಬಿಸಿನೀರಿನ ಟ್ಯಾಂಕ್ ಇದೆ. ಟ್ಯಾಂಕ್ ನೆಲದೊಳಗೆ, ಸೆಂಟ್ರಿಫ್ಯೂಗಲ್ ಪಂಪ್ ಮೇಲೆ. ನಾಲ್ಕು ವರ್ಷ ತಕರಾರಿಲ್ಲದೆ ಓಡಿದ ಪಂಪ್ ಒಂದು ದಿನ ಒಳಗೆ ಜಲ್ಲಿ ಸುರಿದ ಹಾಗೆ ಕಟಕಟ ಅನ್ನತೊಡಗಿತು. ಪ್ರೆಷರ್ ಗೇಜಿನ ಮುಳ್ಳು ನಡುಗುತ್ತಿತ್ತು.

ಹೊರಗಿನಿಂದ ಬಂದ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ "ಬೇರಿಂಗ್ ಹೋಗಿದೆ ಸಾರ್" ಅಂದರು. ಹೊಸದು ಹಾಕಿಸಿದೆವು, ಸದ್ದು ಹೋಗಲಿಲ್ಲ. "ಹಾಗಾದ್ರೆ ಅಲೈನ್‌ಮೆಂಟ್" ಅಂದರು, ಮೋಟರ್-ಪಂಪ್ ಶಾಫ್ಟ್‌ಗಳನ್ನು ಒಂದೇ ನೇರಕ್ಕೆ ಕೂರಿಸುವ ಆ ಕೆಲಸವನ್ನೂ ಮಾಡಿಸಿದೆವು. ಹನ್ನೆರಡನೇ ದಿನ, ಶಾಫ್ಟ್ ಹೊರಬರುವ ಕಡೆ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಒಡೆದು ಪಕ್ಕದಲ್ಲಿದ್ದ ಹೆಲ್ಪರ್ ಹುಡುಗನ ಮುಂಗೈಗೆ ಕುದಿನೀರು ಚಿಮ್ಮಿತು. ಬೊಬ್ಬೆ ಎದ್ದ ಆ ಕೈ ಕಣ್ಣ ಮುಂದೆಯೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಆಮೇಲೆ ಬಿಚ್ಚಿ ನೋಡಿದರೆ ನೀರು ಒಳಬರುವ ಕಡೆ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳುವ ಚಕ್ರ) ರೆಕ್ಕೆಗಳೆಲ್ಲ ಗೆದ್ದಲು ತಿಂದ ಹಲಗೆಯ ಹಾಗೆ ತೂತುತೂತು. ಮೊದಲೇ ಕಿತ್ತಿಟ್ಟಿದ್ದ ಹಳೇ ಬೇರಿಂಗನ್ನು ಬೆರಳಲ್ಲಿ ತಿರುಗಿಸಿದೆ. ನುಣ್ಣಗೆ ತಿರುಗಿತು. ಅದು ಕೆಟ್ಟೇ ಇರಲಿಲ್ಲ.

ನಮ್ಮ ಹಿರಿಯ ಫಿಟ್ಟರ್ ಒಂದೇ ಮಾತು ಕೇಳಿದರು: "ಸದ್ದು ಶುರುವಾಗೋ ಮುಂಚೆ ಏನು ಬದಲಾಯಿಸಿದ್ರಿ?" ಜಿಡ್ಡು ಸರಿಯಾಗಿ ಹೋಗುತ್ತಿಲ್ಲವೆಂದು ನೀರನ್ನು 60 ಡಿಗ್ರಿಯಿಂದ 80ಕ್ಕೆ ಏರಿಸಿದ್ದೆವು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ನೀರನ್ನು ಹೆಚ್ಚೆಂದರೆ ಒಂಬತ್ತು ಚಿಲ್ಲರೆ ಮೀಟರ್ ಎತ್ತಬಲ್ಲದು. 60 ಡಿಗ್ರಿಯಲ್ಲಿ ಅದರಲ್ಲಿ ಎರಡು ಮೀಟರನ್ನು ಆವಿಯ ಒತ್ತಡ (ಬಿಸಿನೀರು ಆವಿಯಾಗಲು ತಳ್ಳುವ ಬಲ) ನುಂಗುತ್ತದೆ, 80ರಲ್ಲಿ ಹತ್ತಿರ ಹತ್ತಿರ ಐದು. ಉಳಿದದ್ದರಲ್ಲೇ ನೀರು ಪಂಪಿನವರೆಗೆ ಏರಬೇಕಾದ ಎತ್ತರ, ಪೈಪಿನ ತಡೆ, ಪಂಪಿನ ಸ್ವಂತ ಬೇಡಿಕೆ ಎಲ್ಲವೂ ತೀರಬೇಕು. ನೀರೆಳೆಯುವ ಪೈಪಿನ ತುದಿಯಲ್ಲಿರುವ ನಮ್ಮ ಫುಟ್ ವಾಲ್ವಿನ ಜಾಲರಿಯಲ್ಲಿ ಮಡ್ಡಿ ಬೇರೆ ಕಟ್ಟಿಕೊಂಡಿತ್ತು. ಒತ್ತಡ ಸಾಲದೆ ನೀರು ಸಕ್ಷನ್ನಿನಲ್ಲೇ, ಅಂದರೆ ಪಂಪ್ ನೀರೆಳೆಯುವ ಕಡೆಯೇ, ಕುದಿದು ಗುಳ್ಳೆಯಾಗಿ, ಒತ್ತಡ ಹೆಚ್ಚಿರುವ ಜಾಗಕ್ಕೆ ಹೋಗಿ ಒಡೆಯುತ್ತಾ ಲೋಹವನ್ನು ಕಿತ್ತು ತಿನ್ನುತ್ತಿತ್ತು. ಕ್ಯಾವಿಟೇಶನ್ ಅಂದರೆ ಇದೇ.

ಮೆಕ್ಯಾನಿಕ್ ಮಾತು ಕೇಳಿ ದೊಡ್ಡ ಪಂಪ್ ತರುವುದರಲ್ಲಿದ್ದೆವು. ತಂದಿದ್ದರೆ ಅದು ಇನ್ನೂ ಹೆಚ್ಚು ನೀರೆಳೆದು ಸಕ್ಷನ್ ಮತ್ತಷ್ಟು ಸೊರಗುತ್ತಿತ್ತು. ಈಗ ಟ್ಯಾಂಕನ್ನು ಸ್ಟ್ಯಾಂಡ್ ಮೇಲೆ ಏರಿಸಿ ಪಂಪನ್ನು ಕೆಳಗಿಟ್ಟಿದ್ದೇವೆ, ನೀರು ತಾನಾಗಿ ಇಳಿಯುತ್ತದೆ. ಜಾಲರಿ ವಾರಕ್ಕೊಮ್ಮೆ ತೊಳೆಯುತ್ತೇವೆ.

ನಿಮ್ಮಲ್ಲೂ ಈ ಸದ್ದು ಬಂದರೆ ಸ್ಪ್ಯಾನರ್ ಎತ್ತುವ ಮುಂಚೆ ಡೆಲಿವರಿ ವಾಲ್ವನ್ನು (ನೀರು ಹೊರಹೋಗುವ ಕಡೆಯದು) ಸ್ವಲ್ಪ ಮುಚ್ಚಿ ನೋಡಿ. ಸದ್ದು ತಗ್ಗಿದರೆ ದೋಷವನ್ನು ಸಕ್ಷನ್ ಕಡೆ ಹುಡುಕಿ. ಬೇರಿಂಗಿನ ಸದ್ದು ಹಾಗೆ ತಗ್ಗುವುದಿಲ್ಲ, ಸಾಮಾನ್ಯವಾಗಿ ಬೇರಿಂಗ್ ಮನೆಯೂ ಬಿಸಿಯಾಗಿರುತ್ತದೆ. ಡೆಲಿವರಿಯನ್ನು ಪೂರ್ತಿ ಮುಚ್ಚಿ ಓಡಿಸಬೇಡಿ, ಒಳಗಿನ ನೀರು ಕಾದು ಸೀಲ್ ಹೋಗುತ್ತದೆ. ಸಕ್ಷನ್ ವಾಲ್ವನ್ನಂತೂ ಮುಟ್ಟಲೇಬೇಡಿ. ಪಂಪ್ ಓಡುವಾಗ ಸೀಲಿನ ಎದುರು ಯಾರನ್ನೂ ನಿಲ್ಲಲು ಬಿಡಬೇಡಿ.