ದಿನಾ ಹಾಕೋಕೆ ಯಾವ ಫಿರೋಜಾ?

ವಿಜಯಪುರದ ಬೇಸಿಗೆ ಯಾವ ಹರಳನ್ನೂ ಬಿಡುವುದಿಲ್ಲ. ಬೆವರು, ಧೂಳು, ಮೇಲೆ ಅಡುಗೆಮನೆಯ ಎಣ್ಣೆ, ಅರಿಶಿನ. ಬೆಳ್ಳಿಯಲ್ಲಿ ಕೂರಿಸಿದ ಫಿರೋಜಾಗಳನ್ನು (ಇಂಗ್ಲಿಷಿನಲ್ಲಿ ಟರ್ಕಾಯ್ಸ್ ಎನ್ನುವ ನೀಲಿ ಹರಳು) ಇದೇ ಊರಿನಲ್ಲಿ ಬದಲಿಸಿ ಬದಲಿಸಿ ಹಾಕಿ ನೋಡಿದ್ದೇನೆ: ಇರಾನಿನ ಅಪ್ಪಟ ಹರಳು, ರಾಳ ತುಂಬಿ ಗಟ್ಟಿ ಮಾಡಿದ ಹರಳು, ಮತ್ತೆ ಅದೇ ಹೆಸರಿನಲ್ಲಿ ಮಾರುವ, ಬಣ್ಣ ಹಾಕಿದ ಹೌಲೈಟ್ ಎಂಬ ಬೇರೆಯೇ ಕಲ್ಲು.

ಚೆಲುವಿನಲ್ಲಿ ಇರಾನಿನದಕ್ಕೆ ಸಾಟಿಯಿಲ್ಲ. ನಿಶಾಪುರದ ಗಣಿಯ ಕಲ್ಲಿಗೆ ಮಳೆ ತೊಳೆದ ಆಕಾಶದ ನೀಲಿ. ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲೆ ಆ ಉಂಗುರದ ಬೆರಳು ಇಟ್ಟು ನೋಡಬೇಕು! ಇಷ್ಟು ತಂಪಾದ ಬಣ್ಣ ಹುಟ್ಟುವುದು ಮಾತ್ರ ಒಣನಾಡಿನಲ್ಲಿ. ಅಪರೂಪಕ್ಕೆ ಬಿದ್ದ ಮಳೆನೀರು ಬಂಡೆಯೊಳಗೆ ಇಳಿಯುತ್ತಾ ಅದಿರಿನ ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಅದು ಅಲ್ಯೂಮಿನಿಯಂ, ರಂಜಕಗಳ ಜೊತೆ ಕೂಡಿ ಬಿರುಕುಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ. ನೀಲಿ ತಾಮ್ರದ್ದು. ಕಬ್ಬಿಣ ಸೇರಿದಷ್ಟೂ ಹಸಿರಿಗೆ ತಿರುಗುತ್ತದೆ. ಕಂದು-ಕಪ್ಪು ಎಳೆಗಳು ತಾಯಿಬಂಡೆಯವು. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನವರು ಸಿನಾಯ್‌ನಲ್ಲಿ ಅಗೆದದ್ದೂ, ಲಡಾಖಿನ ಹೆಂಗಸರು ಪೆರಾಕ್ ಎಂಬ ತಲೆಯುಡುಗೆಗೆ ಸಾಲುಸಾಲಾಗಿ ಹೊಲಿಯುವುದೂ ಇದೇ ಕಲ್ಲನ್ನು.

ಆದರೆ ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಅಳತೆಯಲ್ಲಿ ಇದು 5ರಿಂದ 6 ಅಷ್ಟೇ, ಜೊತೆಗೆ ಕಣ್ಣಿಗೆ ಕಾಣದ ರಂಧ್ರಗಳು. ಒಗ್ಗರಣೆ ಹಾಕುವ, ಪಾತ್ರೆ ತಿಕ್ಕುವ ಕೈಯಲ್ಲಿ ಇದ್ದಷ್ಟು ದಿನ ಉಂಗುರದ ಅಂಚಿನಿಂದ ಒಳಕ್ಕೆ ಮಾಸಲು ಹಸಿರು ಹರಡುತ್ತಾ ಬಂತು. ಎಷ್ಟು ಒರೆಸಿದರೂ ಹೋಗಲಿಲ್ಲ. ಹಾಗಾಗಿ ಅದು ಮದುವೆ-ಮುಂಜಿಗೆ, ಅದೂ ಅತ್ತರು ಪೂಸಿಕೊಂಡ ಮೇಲೆ ಕೊನೆಗೆ ಹಾಕುವಂಥದ್ದು.

ರಾಳದ ಹರಳು ಕೂಡ ನಿಜವಾದ ಫಿರೋಜಾನೇ. ಹಾಗೇ ಬಿಟ್ಟರೆ ಪುಡಿಯಾಗುವಷ್ಟು ಮೆತ್ತಗಿನ ಕಲ್ಲಿಗೆ ಒತ್ತಡದಲ್ಲಿ ರಾಳ ಕುಡಿಸಿರುತ್ತಾರೆ. ರೊಟ್ಟಿ ಬಡಿಯುವಾಗ ಬಿಟ್ಟರೆ ಉಳಿದ ಕೆಲಸಕ್ಕೆಲ್ಲ ಕೈಯಲ್ಲೇ ಇತ್ತು, ಬಣ್ಣ ಕದಲಲಿಲ್ಲ. ಹೊಳಪು ತುಸು ಗಾಜಿನಂಥದು, ಇರಾನಿನದರ ಮೇಣದಂಥ ಮಿದುವು ಇದಕ್ಕಿಲ್ಲ. ಆದರೂ ನನ್ನ ಓಟು ಇದಕ್ಕೇ.

ಹೌಲೈಟ್ ಮೂಲದಲ್ಲಿ ಬಿಳಿ ಕಲ್ಲು, ಬೂದು ಎಳೆಗಳಿರುವುದರಿಂದ ಬಣ್ಣ ಹಾಕಿದರೆ ಥೇಟ್ ಫಿರೋಜಾ. ಗಡಸುತನ 3.5ರ ಆಸುಪಾಸು. ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಹತ್ತಿ ಅದ್ದಿ ಹಿಂಬದಿ ಉಜ್ಜಿದೆ, ಹತ್ತಿಗೆ ನೀಲಿ ಇಳಿಯಿತು. ಸರದ ಮಣಿಯ ತೂತಿನಲ್ಲಿ ಇಣುಕಿದರೆ ಒಳಗೆ ಬಿಳಿ. ಹಗುರ ಜುಮಕಿಗೆ ಚೆಂದವೇ, ಕಾಲೇಜು ಹುಡುಗಿಯರು ಧಾರಾಳವಾಗಿ ಹಾಕಲಿ. ಆದರೆ ಅದನ್ನು ಅಪ್ಪಟ ಎಂದು ಹೇಳಿ ಅಪ್ಪಟದ ಬೆಲೆ ಕೇಳುವುದು ಮೋಸ.

ಅಂಗಡಿಯಲ್ಲಿ ಸಂಕೋಚ ಬೇಡ. "ರಾಳ ಹಾಕಿದ್ದೇನ್ರೀ ಇದು? ಬಿಲ್‌ನ್ಯಾಗ ಬರದು ಕೊಡ್ರಿ" ಎಂದು ಕೇಳಿ. ಬರೆದುಕೊಟ್ಟವರ ಹತ್ತಿರವೇ ನನ್ನ ತಂಗಿಗೂ ರಾಳದ ಉಂಗುರ ಕೊಡಿಸಿದ್ದೇನೆ.